ಗಣಕ ಸಮೂಹದಲ್ಲಿ ಪಾಳಿಯ ಕ್ರಮ

ಇತಿಹಾಸ ವಿಭಾಗದ ಸಂಶೋಧನ ಪತ್ರಿಕೆಯಲ್ಲಿ ಗಣಕಯಂತ್ರಗಳ ಪಾಳಿಯನ್ನು ಕುರಿತ ಲೇಖನಕ್ಕೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ ಸರಿ. ಅದಕ್ಕೆ ಉತ್ತರವಾಗಿ ನಮ್ಮದೇ ಒಂದು ತಪ್ಪನ್ನು ಮೊದಲು ಹೇಳಿಬಿಡುವುದು ಒಳ್ಳೆಯದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಗ್ರಾಮಗಳಿಗೆ ಸಂಬಂಧಿಸಿದ ಅಚ್ಚಾದ ಆಕರಗಳನ್ನು ಒಂದೆಡೆ ಕೂಡಿಸುವ ಕೆಲಸವನ್ನು ನಾವು ಕೆಲವು ವಿದ್ಯಾರ್ಥಿಗಳೊಡನೆ ಕೈಕೊಂಡಿದ್ದೆವು. ಮುಂಬಯಿ ಸರಕಾರದ ಕಾಲದ ಭೂಮಾಪನ ವರದಿಗಳು, ಗ್ಯಾಝೆಟಿಯರುಗಳು, ಶಾಸನ ಸಂಪುಟಗಳು ಮೊದಲಾದವುಗಳ ಪುಟಗಳನ್ನು ವಿದ್ಯಾರ್ಥಿಗಳು ಛಾಯಾಚಿತ್ರ ತೆಗೆದು ಕಳುಹುವರು. ಪ್ರತಿರಾತ್ರಿ ಗಣಕಯಂತ್ರವು ಆ ದಿನದವರೆಗೆ ಬಂದ ಚಿತ್ರಗಳಲ್ಲಿಯ ಅಕ್ಷರಗಳನ್ನು ಓದಿ, ಊರಿನ ಹೆಸರು, ಕೆರೆ, ಬಾವಿ, ದೇವಾಲಯ, ಇನಾಮು ಮುಂತಾದ ಶಬ್ದಗಳು ಎಲ್ಲೆಲ್ಲಿ ಬಂದಿವೆಯೆಂಬ ಪಟ್ಟಿಗೆ ಸೇರಿಸುವುದು. ಪುಟಗಳು ಸಾವಿರಗಟ್ಟಲೆ ಇದ್ದುದರಿಂದ ಮೇಜಿನ ಮೇಲಣ ಒಂದು ಯಂತ್ರಕ್ಕೆ ಇದು ಮೀರಿದ ಕೆಲಸವಾಗಿತ್ತು. ಆದುದರಿಂದ ಅನೇಕ ವಿಭಾಗಗಳು ಹಂಚಿಕೊಂಡು ಬಳಸುವ ಒಂದು ಗಣಕ ಸಮೂಹದಲ್ಲಿ ನಮಗೂ ಸ್ಥಳ ದೊರೆತಿತ್ತು.

ಕೆಲವು ತಿಂಗಳ ಬಳಿಕ ಪಟ್ಟಿಯನ್ನು ನೋಡಿದಾಗ ಸವದತ್ತಿಯ ಕಡೆಯ ಕೆರೆಗಳ ಉಲ್ಲೇಖ ರಾಮದುರ್ಗದ ಕಡೆಯದಕ್ಕಿಂತ ಬಹುಪಟ್ಟು ಹೆಚ್ಚಾಗಿ ಕಂಡಿತು. ನಮಗೆ ಆಶ್ಚರ್ಯವಾಗಲಿಲ್ಲ. ಇತಿಹಾಸಕಾರನಿಗೆ ಅಂಕೆ ದೊರೆತರೆ ಕಾರಣ ದೊರೆಯಲು ತಡವಾಗದು. ಸವದತ್ತಿಯೆಂದರೆ ಸುಗಂಧವರ್ತಿ, ರಟ್ಟರ ರಾಜಧಾನಿ. ಅರಸರ ಹಾಗೂ ಅವರ ಅಧಿಕಾರಿಗಳ ಆಶ್ರಯದಲ್ಲಿ ಕೆರೆಗಳು ಹೆಚ್ಚಿದುವೆಂದು ಒಂದು ಪರಿಚ್ಛೇದವನ್ನೇ ಬರೆದಾಗಿತ್ತು. ಅಡಿಟಿಪ್ಪಣಿಗಳಿಗಾಗಿ ಪಟ್ಟಿಯನ್ನು ಮೂಲಪುಸ್ತಕದೊಡನೆ ತಾಳೆ ನೋಡುತ್ತಿದ್ದ ವಿದ್ಯಾರ್ಥಿಯೊಬ್ಬನು ಒಂದೇ ಪುಟ, ಒಂದೇ ಸಾಲು ಮೂರು ಮೂರು ಸಲ ದಾಖಲಾಗಿರುವುದನ್ನು ತೋರಿಸಿದನು. ಸವದತ್ತಿಯ ಪುಟಗಳಲ್ಲಿ ಬಹುಭಾಗವನ್ನು ಯಂತ್ರವು ಮೂರು ಬಾರಿ ಓದಿ ಮೂರು ಬಾರಿ ಬರೆದಿತ್ತು. ರಟ್ಟರಿಗೂ ಇದಕ್ಕೂ ಏನೂ ಸಂಬಂಧವಿರಲಿಲ್ಲ. ದೋಷವಿದ್ದದ್ದು ನಾವು ಪಾಳಿ ಹಚ್ಚಿದ ರೀತಿಯಲ್ಲಿ. ಆ ಪರಿಚ್ಛೇದ ಅಚ್ಚಿಗೆ ಹೋಗದೆ ಉಳಿದದ್ದು ಆ ವಿದ್ಯಾರ್ಥಿಯ ಪುಣ್ಯ.

ಪಾಳಿ ಎಂಬ ಶಬ್ದವನ್ನು ನಾವು ಬೇಕೆಂದೇ ಬಳಸಿದ್ದೇವೆ. ನಮ್ಮ ಭಾಗದಲ್ಲಿ ಕಾಲುವೆಯ ನೀರಿಗೂ, ಗುಡಿಯ ಪೂಜೆಗೂ, ಗಿರಣಿಯ ಮುಂದೆ ನಿಲ್ಲುವುದಕ್ಕೂ ಇದೇ ಶಬ್ದ. ಗಣಕ ಸಮೂಹದಲ್ಲಿ ನಡೆಯುವುದೂ ಇದೇ ಆದುದರಿಂದ ಹೊಸ ಪಾರಿಭಾಷಿಕ ಪದವನ್ನು ಹುಡುಕುವ ಅವಶ್ಯಕತೆ ಕಾಣುವುದಿಲ್ಲ.

ಗಣಕ ಸಮೂಹವೆಂದರೆ ನೋಡ್ ಎಂದು ಕರೆಯಲಾಗುವ ಅನೇಕ ಯಂತ್ರಗಳನ್ನು ಒಂದೇ ಜಾಲದಲ್ಲಿ ಜೋಡಿಸಿ, ಅನೇಕರು ಹಂಚಿಕೊಂಡು ಉಪಯೋಗಿಸುವ ವ್ಯವಸ್ಥೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ ಪರಮ್ ಪ್ರವೇಗ ಇಂತಹದೊಂದು. ಅದರ ಸಾಮರ್ಥ್ಯ 3.3 ಪೆಟಾಫ್ಲಾಪ್, ಅಂದರೆ ಕ್ಷಣವೊಂದಕ್ಕೆ ಮೂರು ಸಾವಿರ ಲಕ್ಷ ಕೋಟಿಗೂ ಮಿಕ್ಕಿದ ಗಣನೆಗಳು. ಇಲ್ಲಿ ಯಂತ್ರದ ಮುಂದೆ ಕುಳಿತು ಕೆಲಸ ಮಾಡುವ ಪದ್ಧತಿಯಿಲ್ಲ. ಮಾಡಬೇಕಾದುದನ್ನು ಒಂದು ಕಡತದಲ್ಲಿ ಬರೆದು ಒಪ್ಪಿಸಿ ಬರಬೇಕು. ಪಾಳಿ ಬಂದಾಗ ಅದು ನಡೆಯುವುದು. ಇದಕ್ಕೆ ಬ್ಯಾಚ್ ಕೆಲಸವೆಂದು ಹೆಸರು. ಪದ್ಧತಿ ಹೊಸದಲ್ಲ. 1964ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಗೆ ಸಿ.ಡಿ.ಸಿ. 3600 ಎಂಬ ಗಣಕ ಬಂದಾಗಲೂ ರಂಧ್ರ ಕೊರೆದ ಕಾರ್ಡುಗಳ ಕಟ್ಟನ್ನು ಒಪ್ಪಿಸಿ ಫಲಿತಾಂಶಕ್ಕಾಗಿ ಕಾಯುವುದೇ ರೂಢಿಯಾಗಿತ್ತು. ಕಾರ್ಡುಗಳು ಹೋದುವು; ಕಾಯುವುದು ಉಳಿಯಿತು.

ಈ ಕೆಲಸಗಳಲ್ಲಿ ಕೆಲವು ಒಂದೇ ಸಲ ಮಾಡಿ ಮುಗಿಸುವಂಥವು, ಕೆಲವು ನಿಯತಕಾಲದಲ್ಲಿ ಮತ್ತೆ ಮತ್ತೆ ಮಾಡತಕ್ಕವು. ಹವಾಮಾನದ ಮುನ್ಸೂಚನೆ ಎರಡನೆಯದಕ್ಕೆ ಉತ್ತಮ ಉದಾಹರಣೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿ 2018ರಲ್ಲಿ ಪ್ರತ್ಯೂಷ್, 2024ರಲ್ಲಿ ಅರ್ಕಾ ಎಂಬ ಗಣಕ ಸಮೂಹಗಳು ಸ್ಥಾಪಿತವಾದುವು. ಇಂತಹ ಗಣಕಗಳಲ್ಲಿ ನಡೆಯುವ ಮುನ್ಸೂಚನೆಯ ಗಣನೆಗಳು ದಿನದ ಗೊತ್ತಾದ ವೇಳೆಗಳ ವೀಕ್ಷಣೆಗಳಿಂದ ಹೊರಡುತ್ತವೆ. ನಾಳಿನ ಮಳೆಯನ್ನು ನಾಡಿದ್ದು ತಿಳಿಸಿದರೆ ಯಾರಿಗೂ ಪ್ರಯೋಜನವಿಲ್ಲವಾದುದರಿಂದ ಅಂತಹ ಕೆಲಸಕ್ಕೆ ಅಗ್ರಸ್ಥಾನ ಕೊಡುವುದು ನ್ಯಾಯವೇ. ನಮ್ಮಂಥವರ ಕೆಲಸಕ್ಕೆ ಆ ಅವಸರವಿಲ್ಲ. ಭೂಮಾಪನ ವರದಿ ಒಂದು ದಿನ ತಡವಾಗಿ ಓದಲ್ಪಟ್ಟರೆ ಹಾನಿಯಿಲ್ಲ. ಎರಡು ಬಾರಿ ಎಣಿಸಲ್ಪಟ್ಟರೆ ಹಾನಿಯುಂಟು.

ನಿಯತಕಾಲದ ಕೆಲಸಕ್ಕೆ ವೇಳೆ ಗೊತ್ತುಪಡಿಸುವ ಸಾಧನಕ್ಕೆ ಕ್ರಾನ್ ಎಂದು ಹೆಸರು. ಯೂನಿಕ್ಸ್ ವ್ಯವಸ್ಥೆಯ 1979ರ ಏಳನೆಯ ಆವೃತ್ತಿಯಲ್ಲಿ ಇದು ಇದ್ದಿತು. ಇಂದು ಬಹಳಷ್ಟು ಕಡೆ ಪ್ರಚಾರದಲ್ಲಿರುವ ರೂಪ 1987ರಲ್ಲಿ ಪಾಲ್ ವಿಕ್ಸಿ ಬರೆದುದರಿಂದ ಬಂದದ್ದು. ಇದರ ಒಂದು ಸಾಲಿನಲ್ಲಿ ಐದು ಅಂಕಣಗಳುಂಟು: ನಿಮಿಷ, ಗಂಟೆ, ತಿಂಗಳ ತಾರೀಖು, ತಿಂಗಳು, ವಾರ. ಎಲ್ಲ ಎಂಬುದಕ್ಕೆ ನಕ್ಷತ್ರ ಚಿಹ್ನೆ. ನಿಮಿಷ 0, ಗಂಟೆ 2, ಉಳಿದುವೆಲ್ಲ ನಕ್ಷತ್ರವಾದರೆ ಪ್ರತಿದಿನ ರಾತ್ರಿ ಎರಡು ಗಂಟೆಗೆ ಎಂದರ್ಥ.

ಶಾಸನಗಳ ಕಾಲನಿರ್ದೇಶನವನ್ನು ಅಭ್ಯಾಸ ಮಾಡಿದವರು ಇಲ್ಲಿ ಒಂದು ಅಂಶವನ್ನು ಎಚ್ಚರದಿಂದ ಗಮನಿಸಬೇಕು. ಶಾಸನದಲ್ಲಿ ತಿಥಿಯೂ ವಾರವೂ ಹೇಳಲ್ಪಟ್ಟಿದ್ದರೆ ಎರಡೂ ಒಂದೇ ದಿನ ಕೂಡಿಬರಬೇಕೆಂದು ನಾವು ಗ್ರಹಿಸುತ್ತೇವೆ. ಕೂಡಿಬರದಿದ್ದರೆ ಆ ಶಾಸನದ ಕಾಲವನ್ನೇ ಸಂಶಯಿಸುತ್ತೇವೆ. ಕ್ರಾನ್ ಹಾಗಲ್ಲ. ತಾರೀಖಿನ ಅಂಕಣದಲ್ಲಿ 1 ಎಂದೂ ವಾರದ ಅಂಕಣದಲ್ಲಿ ಸೋಮವಾರವೆಂದೂ ಬರೆದರೆ, ಒಂದನೆಯ ತಾರೀಖು ಸೋಮವಾರವಾದ ದಿನ ಮಾತ್ರ ಎಂದು ಅದು ತಿಳಿಯದು. ಪ್ರತಿ ಒಂದನೆಯ ತಾರೀಖಿಗೂ ಪ್ರತಿ ಸೋಮವಾರಕ್ಕೂ ಕೆಲಸವನ್ನು ಹೊರಡಿಸುವುದು. ಅಂತೆಯೇ 31ನೆಯ ತಾರೀಖಿಗೆ ಗೊತ್ತುಮಾಡಿದ ಕೆಲಸ ಆ ತಾರೀಖಿಲ್ಲದ ತಿಂಗಳುಗಳಲ್ಲಿ ನಡೆಯುವುದೇ ಇಲ್ಲ. ಕ್ಷಯತಿಥಿಯ ದಿನ ಬಂದ ವ್ರತವನ್ನು ಹೇಗೆ ಆಚರಿಸಬೇಕೆಂದು ನಮ್ಮ ಪಂಚಾಂಗಗಳು ವಿಚಾರ ಮಾಡಿವೆ. ಕ್ರಾನಿಗೆ ಆ ವಿಚಾರವಿಲ್ಲ. ಹುಣ್ಣಿಮೆ, ಅಮಾವಾಸ್ಯೆಗಳು ಅದಕ್ಕೆ ತಿಳಿಯವು. ಗಡಿಯಾರದ ವಿಷಯವೂ ಒಂದುಂಟು. ಅನೇಕ ಗಣಕ ಸಮೂಹಗಳು ಅಂತರರಾಷ್ಟ್ರೀಯ ಕಾಲವನ್ನು ಇಟ್ಟುಕೊಂಡಿರುತ್ತವೆ. ಅಲ್ಲಿಯ ಮಧ್ಯರಾತ್ರಿ ಎಂದರೆ ಇಲ್ಲಿಯ ಬೆಳಗಿನ 5 ಗಂಟೆ 30 ನಿಮಿಷ.

ಇಷ್ಟು ತಿಳಿದ ಮೇಲೆ ವಿಷಯ ಮುಗಿಯಿತೆಂದು ನಾವು ಭಾವಿಸಿದ್ದೆವು. ನಮ್ಮ ತಪ್ಪಿನ ಬೇರು ಇಲ್ಲಿಯೇ ಇದೆ. ಒಬ್ಬನದೇ ಆದ ಯಂತ್ರದಲ್ಲಿ ಕ್ರಾನ್ ಹೇಳಿದ ವೇಳೆಗೆ ಕೆಲಸ ಆರಂಭವಾಗುತ್ತದೆ. ಹಂಚಿಕೊಂಡ ಗಣಕ ಸಮೂಹದಲ್ಲಿ ಆ ವೇಳೆಗೆ ಕೆಲಸವು ಪಾಳಿಯಲ್ಲಿ ಹೋಗಿ ನಿಲ್ಲುತ್ತದೆ, ಅಷ್ಟೇ. ಯಾವಾಗ ಆರಂಭವಾಗಬೇಕೆಂಬುದನ್ನು ನಿರ್ಣಯಿಸುವುದು ಬೇರೊಬ್ಬ ಅಧಿಕಾರಿ. ಸ್ಲರ್ಮ್ ಎಂಬುದು ಅಂತಹ ಅಧಿಕಾರಿಗಳಲ್ಲಿ ಬಹಳ ಪ್ರಸಿದ್ಧವಾದ ಒಂದು ತಂತ್ರಾಂಶ. ಕ್ರಾನ್ ಸಂತೆಯ ದಿನವನ್ನು ಸಾರುವ ತಳವಾರನಾದರೆ, ಸ್ಲರ್ಮ್ ಕಾಲುವೆಯ ತೂಬಿನ ಬಳಿ ನಿಂತವನು.

ಕಾಲುವೆಯ ಮಾತು ಬಂದುದರಿಂದ ಒಂದೆರಡು ಮಾತು. ಸವದತ್ತಿಯ ಸಮೀಪ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನ ಜಲಾಶಯ, ರೇಣುಕಾಸಾಗರ, ಸುಮಾರು 37.7 ಟಿ.ಎಂ.ಸಿ. ನೀರನ್ನು ಹಿಡಿಯಬಲ್ಲದು. ಎಡದಂಡೆ, ಬಲದಂಡೆ ಎಂದು ಅದಕ್ಕೆ ಕಾಲುವೆಗಳುಂಟು. ಇಂತಹ ಯಾವುದೇ ಕಾಲುವೆಯಲ್ಲಿ ಮೊದಲಿನ ಹೊಲದವನು ಬೇಕಾದಷ್ಟು ಹರಿಸಿಕೊಂಡರೆ ಕೊನೆಯ ಹೊಲದವನಿಗೆ ಒಣ ಕಾಲುವೆಯೇ ಗತಿ. ನೀರು ತಲುಪಲಿ ಬಿಡಲಿ, ಕರ ಮಾತ್ರ ತಪ್ಪದೆಂಬ ಅಸಮಾಧಾನವು 1980ರ ಜುಲೈ ತಿಂಗಳಲ್ಲಿ ಇದೇ ಮಲಪ್ರಭಾ ಅಚ್ಚುಕಟ್ಟಿನ ನರಗುಂದ, ನವಲಗುಂದಗಳಲ್ಲಿ ಸಿಡಿದು, ಕರ್ನಾಟಕದ ರೈತ ಚಳವಳಿಯ ಇತಿಹಾಸವನ್ನೇ ಬದಲಿಸಿದ್ದು ವಾಚಕರಿಗೆ ತಿಳಿದ ವಿಷಯ. ಗಣಕಯಂತ್ರದ ಪಾಳಿಯನ್ನು ಅಂತಹ ಹೋರಾಟದೊಡನೆ ಸಮಗೊಳಿಸುವ ಉದ್ದೇಶ ನಮಗಿಲ್ಲ. ಆದರೆ ಹಂಚಿಕೊಂಡ ವಸ್ತುವಿನಲ್ಲಿ ಮೊದಲು ಬಂದವನಿಗೆ ಮೊದಲು ಎಂಬ ನಿಯಮವೊಂದೇ ಸಾಲದೆಂಬುದು ಎರಡೂ ಕಡೆ ನಿಜ.

ಹಾಗಾದರೆ ಸ್ಲರ್ಮ್ ಪಾಳಿಯನ್ನು ನಿರ್ಣಯಿಸುವುದು ಹೇಗೆ? ಮುಖ್ಯವಾದ ನಿಯಮ, ನ್ಯಾಯವಾದ ಪಾಲು ಎಂಬುದು. ಪ್ರತಿ ವಿಭಾಗಕ್ಕೂ ಇಷ್ಟು ಪಾಲು ಎಂದು ಗೊತ್ತುಮಾಡಿರುತ್ತಾರೆ. ಪಾಲಿಗಿಂತ ಹೆಚ್ಚು ಬಳಸಿದವನು ಹಿಂದೆ ಸರಿಯುವನು. ಕಡಿಮೆ ಬಳಸಿದವನು ಮುಂದೆ ಬರುವನು. ಇದನ್ನು ಕೇಳಿದಾಗ ನಮಗೆ ನೆನಪಾದದ್ದು ವತನಗಳು. ಮುಂಬಯಿ ಪ್ರಾಂತದ 1874ರ ವಂಶಪಾರಂಪರ್ಯ ಅಧಿಕಾರಗಳ ಕಾಯಿದೆಯ ಮೇರೆಗೆ ಪಾಟೀಲಕಿ, ಕುಲಕರ್ಣಿಕಿಗಳಲ್ಲಿ ಹಲವು ಮನೆತನಗಳಿಗೆ ಪಾಲಿದ್ದಲ್ಲಿ ಪ್ರಾತಿನಿಧಿಕ ವತನದಾರರ ಹೆಸರುಗಳನ್ನು ದಫ್ತರದಲ್ಲಿ ಬರೆದು, ಸೇವೆಯ ಪಾಳಿಯನ್ನು ಗೊತ್ತುಮಾಡುತ್ತಿದ್ದರು. ಅಲ್ಲಿ ಹಕ್ಕು ಬರುವುದು ಹುಟ್ಟಿನಿಂದ. ಅದು ತಾನಾಗಿ ಅಳಿಯುವುದಲ್ಲ. ಕಾನೂನಿನಿಂದಲೇ ಅದನ್ನು ತೆಗೆಯಬೇಕಾಯಿತು. ಗಣಕದ ಲೆಕ್ಕದಲ್ಲಿ ಮರೆವಿಗೂ ಸ್ಥಾನವುಂಟು. ಬಳಕೆಯ ಲೆಕ್ಕವು ಏಳು ದಿನಕ್ಕೊಮ್ಮೆ ಅರ್ಧಕ್ಕೆ ಇಳಿಯುವಂತೆ ಏರ್ಪಡಿಸಿದ್ದರೆ, ಇಂದು 800 ಗಂಟೆ ಬಳಸಿದವನ ಹೆಸರಿನಲ್ಲಿ ವಾರದ ಮೇಲೆ 400, ಎರಡು ವಾರದ ಮೇಲೆ 200, ನಾಲ್ಕು ವಾರದ ಮೇಲೆ 50 ಗಂಟೆ ಮಾತ್ರ ನಿಲ್ಲುವುದು. ಒಮ್ಮೆ ದುಂದು ಮಾಡಿದವನೂ ತಿಂಗಳೊಳಗೆ ಸಾಮಾನ್ಯನಾಗಿ ಮರಳುವನು.

ಎರಡನೆಯದು, ಸಂದು ತುಂಬುವ ನಿಯಮ. ಎರಡು ಕಲ್ಲುಗಳಿರುವ ಹಿಟ್ಟಿನ ಗಿರಣಿಯನ್ನು ಭಾವಿಸಿರಿ. ಪಾಳಿಯಲ್ಲಿ ಮುಂದಿರುವವನು ಮದುವೆಯ ಮನೆಯವನು. ಅವನಿಗೆ ಎರಡೂ ಕಲ್ಲುಗಳು ಒಟ್ಟಿಗೆ ಬೇಕು. ಒಂದು ಖಾಲಿಯಾಗಿದೆ, ಇನ್ನೊಂದು ಅರ್ಧ ಗಂಟೆಗೆ ಬಿಡುವಾಗುವುದು. ಅಷ್ಟರಲ್ಲಿ ಎರಡು ಸೇರು ಜೋಳ ತಂದ ಅಜ್ಜಿ, ಹತ್ತು ನಿಮಿಷ ಸಾಕು ಎಂದರೆ ಗಿರಣಿಯವನು ಖಾಲಿ ಕಲ್ಲಿಗೆ ಅವಳ ಜೋಳ ಹಾಕುವನು. ಮದುವೆಯವನಿಗೆ ಒಂದು ಕ್ಷಣವೂ ತಡವಾಗಲಿಲ್ಲ, ಕಲ್ಲೂ ಸುಮ್ಮನೆ ನಿಲ್ಲಲಿಲ್ಲ. ಇದು ಸಾಧ್ಯವಾದದ್ದು ಅಜ್ಜಿ ತನ್ನ ವೇಳೆಯನ್ನು ಹೇಳಿದುದರಿಂದ. ಗಣಕ ಸಮೂಹದಲ್ಲಿಯೂ ಕೆಲಸ ಒಪ್ಪಿಸುವವನು ಇಷ್ಟು ಪ್ರೊಸೆಸರು, ಇಷ್ಟು ವೇಳೆ ಬೇಕೆಂದು ಬರೆದುಕೊಡಬೇಕು. ಹೇಳಿದ ವೇಳೆ ಮೀರಿದರೆ ಕೆಲಸವನ್ನು ನಡುವೆಯೇ ನಿಲ್ಲಿಸಿಬಿಡುವುದುಂಟು. ಆ ಭಯದಿಂದ ಹೊಸಬರು ಮೂರು ಗಂಟೆಯ ಕೆಲಸಕ್ಕೆ ಇಪ್ಪತ್ತನಾಲ್ಕು ಗಂಟೆ ಕೇಳುತ್ತಾರೆ. ಕೇಳಿದರೆ ತಪ್ಪಿಲ್ಲವೆಂದು ತೋರುವುದು. ಆದರೆ ಇಪ್ಪತ್ತನಾಲ್ಕು ಗಂಟೆಯ ಸಂದು ಎಲ್ಲಿಯೂ ಸಿಕ್ಕದೆ ಕೆಲಸ ನಿಂತಲ್ಲೇ ನಿಲ್ಲುವುದು.

ಈಗ ನಮ್ಮ ಸವದತ್ತಿಯ ಪುಟಗಳಿಗೆ ಏನಾಯಿತೆಂಬುದು ಸ್ಪಷ್ಟವಾಗುವುದು. ಆ ತಾಲೂಕಿನ ಚಿತ್ರಗಳನ್ನೆಲ್ಲ ತಿದ್ದಿ, ಹೊಸದಾಗಿ ಓದಿಸಬೇಕೆಂದು ಎಲ್ಲವನ್ನೂ ಓದದ ಪುಟಗಳೆಂದು ಗುರುತು ಮಾಡಿದ್ದೆವು. ಆ ಕೆಲಸಕ್ಕೆ ಹೆಚ್ಚು ಪ್ರೊಸೆಸರುಗಳನ್ನೂ ಇಪ್ಪತ್ತನಾಲ್ಕು ಗಂಟೆಗಳನ್ನೂ ಕೇಳಿದ್ದೆವು. ಹಿಂದಿನ ವಾರ ಬೇರೆ ಪ್ರಯೋಗಗಳಲ್ಲಿ ನಮ್ಮ ಪಾಲನ್ನು ಖರ್ಚು ಮಾಡಿಕೊಂಡಿದ್ದೆವು. ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಚಿಕ್ಕ ಕೆಲಸಗಳು ಅಜ್ಜಿಯ ಜೋಳದಂತೆ ಸಂದುಗಳಲ್ಲಿ ಸಾಗಿಹೋದುವು, ಸವದತ್ತಿಯದು ನಿಂತಿತು. ಮರುರಾತ್ರಿ ಕ್ರಾನ್ ತನ್ನ ಕರ್ತವ್ಯವನ್ನು ತಪ್ಪದೆ ಮಾಡಿ ಅದೇ ಕೆಲಸದ ಇನ್ನೊಂದು ಪ್ರತಿಯನ್ನು ಪಾಳಿಗೆ ಹಚ್ಚಿತು. ಮೂರನೆಯ ರಾತ್ರಿ ಮತ್ತೊಂದನ್ನು. ಹಿಂದಿನದು ನಡೆಯಿತೋ ಇಲ್ಲವೋ ಎಂದು ಕೇಳುವುದು ಅದರ ಕೆಲಸವಲ್ಲ. ಕೊನೆಗೆ ನೋಡುಗಳು ತೆರವಾದಾಗ ಮೂರೂ ಪ್ರತಿಗಳು ಒಟ್ಟಿಗೆ ಹೊರಟುವು. ಮೂರೂ ಓದದ ಪುಟಗಳ ಅದೇ ಪಟ್ಟಿಯನ್ನು ತೆಗೆದುಕೊಂಡು, ಮೂರೂ ಓದಿ, ಮೂರೂ ಅದೇ ಸೂಚಿಯ ಕೊನೆಗೆ ಬರೆದುವು. ಎಲ್ಲಿಯೂ ದೋಷದ ಸೂಚನೆ ಬರಲಿಲ್ಲ. ಯಂತ್ರದ ದೃಷ್ಟಿಯಿಂದ ಮೂರು ಕೆಲಸಗಳೂ ನಿರ್ವಿಘ್ನವಾಗಿ ನೆರವೇರಿದ್ದುವು.

ಇದನ್ನು ತಡೆಯುವ ಉಪಾಯಗಳಲ್ಲಿ ಸುಲಭವಾದುದು ಪಾಳಿಯಲ್ಲಿಯೇ ಇದೆ. ಒಬ್ಬನ ಒಂದು ಹೆಸರಿನ ಕೆಲಸ ನಡೆಯುತ್ತಿರುವಾಗ ಅದೇ ಹೆಸರಿನ ಇನ್ನೊಂದು ಆರಂಭವಾಗಕೂಡದೆಂದು ಸ್ಲರ್ಮ್‌ಗೆ ಹೇಳಬಹುದು. ಇದಕ್ಕೆ ಸಿಂಗಲ್ಟನ್ ಎನ್ನುತ್ತಾರೆ. ಪಾಳಿಯಲ್ಲಿ ಹಿಂದಿನ ಪ್ರತಿ ನಿಂತಿದೆಯೇ ಎಂದು ಕೇಳಿ, ಇಲ್ಲದಿದ್ದರೆ ಮಾತ್ರ ಹೊಸದನ್ನು ಒಪ್ಪಿಸುವುದು ಇನ್ನೂ ಒಳ್ಳೆಯದು. 2020ರಿಂದ ಸ್ಲರ್ಮ್‌ನಲ್ಲಿಯೇ ಕ್ರಾನಿನಂತಹ ಸೌಕರ್ಯ ಬಂದಿದೆ. ಅದರಲ್ಲಿ ಹಿಂದಿನ ಓಟ ಮುಗಿಯದೆ ಮುಂದಿನದು ಹೊರಡದು.

ಆದರೆ ಪಾಳಿಯ ಮೇಲೆಯೇ ಭಾರ ಹಾಕುವುದು ಇತಿಹಾಸಕಾರನಿಗೆ ತಕ್ಕುದಲ್ಲವೆಂದು ನಮ್ಮ ಅಭಿಪ್ರಾಯ. ವಿದ್ಯುತ್ತು ಹೋಗಬಹುದು, ಕೆಲಸ ಅರ್ಧಕ್ಕೆ ನಿಲ್ಲಬಹುದು, ಯಾರೋ ಕೈಯಿಂದ ಇನ್ನೊಮ್ಮೆ ನಡೆಸಬಹುದು. ಎಷ್ಟು ಸಲ ನಡೆಸಿದರೂ ಫಲ ಒಂದೇ ಆಗುವಂತೆ ಕೆಲಸವನ್ನೇ ರಚಿಸಿದರೆ ಈ ಚಿಂತೆಯೆಲ್ಲ ಕಳೆಯುವುದು. ನಾವು ಈಗ ಪ್ರತಿ ಪುಟಕ್ಕೂ ಗ್ರಂಥ, ಸಂಪುಟ, ಪುಟಗಳಿಂದ ಕೂಡಿದ ಒಂದು ಗುರುತನ್ನು ಕೊಟ್ಟಿದ್ದೇವೆ. ಯಂತ್ರವು ಸೂಚಿಯ ಕೊನೆಗೆ ಸೇರಿಸುವುದಿಲ್ಲ. ಆ ಗುರುತಿನ ಜಾಗದಲ್ಲಿ ಬರೆಯುತ್ತದೆ. ಅಲ್ಲಿ ಮೊದಲೇ ಏನಾದರೂ ಇದ್ದರೆ ಅದನ್ನು ತೆಗೆದು ಇದನ್ನು ಇಡುತ್ತದೆ. ಮೂರು ಬಾರಿ ಓದಿದರೆ ಮೂರು ಬಾರಿ ಒಂದೇ ಜಾಗದಲ್ಲಿ ಬರೆಯುವುದು. ಎಣಿಕೆ ಒಂದೇ ಉಳಿಯುವುದು. ಅಲ್ಲದೆ ಮೊದಲು ಬೇರೊಂದು ತಾತ್ಕಾಲಿಕ ಕಡತದಲ್ಲಿ ಬರೆದು, ಪೂರ್ತಿಯಾದ ಮೇಲೆಯೇ ಅದಕ್ಕೆ ನಿಜವಾದ ಹೆಸರು ಕೊಡುವುದರಿಂದ ಅರ್ಧ ಬರೆದ ಪಟ್ಟಿಯನ್ನು ಯಾರೂ ಪೂರ್ಣವೆಂದು ತಿಳಿಯುವ ಅಪಾಯವಿಲ್ಲ.

ತಪ್ಪಿದ ಪಾಳಿಯ ಪ್ರಶ್ನೆಗೂ ಇದೇ ಬಗೆಯ ಉತ್ತರ. ಮೊದಲು ನಮ್ಮ ಕೆಲಸವು ಇಂದು ಬಂದ ಪುಟಗಳನ್ನು ಓದು ಎಂದು ಹೇಳುತ್ತಿತ್ತು. ಗಣಕ ಸಮೂಹವನ್ನು ದುರಸ್ತಿಗಾಗಿ ಎರಡು ದಿನ ನಿಲ್ಲಿಸಿದರೆ ಆ ಎರಡು ದಿನದ ಪುಟಗಳು ಎಂದೆಂದಿಗೂ ಓದಲ್ಪಡದೆ ಉಳಿಯುತ್ತಿದ್ದುವು. ಈಗ ಇದುವರೆಗೆ ಓದದ ಎಲ್ಲವನ್ನೂ ಓದು ಎಂದು ಹೇಳುತ್ತದೆ. ಒಂದು ರಾತ್ರಿ ತಪ್ಪಿದರೆ ಮರುರಾತ್ರಿ ಅದು ತಾನಾಗಿ ಕೂಡಿಕೊಳ್ಳುವುದು.

ಒಂದರ ಮೇಲೊಂದು ಆಗಬೇಕಾದ ಕೆಲಸಗಳ ವಿಷಯದಲ್ಲಿಯೂ ನಾವು ಗಡಿಯಾರವನ್ನು ನಂಬಿ ಕೆಟ್ಟೆವು. ನಾಲ್ಕು ತಾಲೂಕುಗಳ ಓದು ರಾತ್ರಿ ಎರಡು ಗಂಟೆಗೆ. ಅಷ್ಟರೊಳಗೆ ಮುಗಿದಿರುವುದೆಂದು ಭಾವಿಸಿ ನಾಲ್ಕನ್ನೂ ಕೂಡಿಸುವ ಕೆಲಸ ಬೆಳಗಿನ ಐದು ಗಂಟೆಗೆ. ಓದು ಇನ್ನೂ ಪಾಳಿಯಲ್ಲಿಯೇ ನಿಂತಿರುವಾಗ ಕೂಡಿಸುವ ಕೆಲಸ ಬಂದು ನಿನ್ನೆಯ ಪಟ್ಟಿಯನ್ನೇ ಇಂದಿನದೆಂದು ಕೂಡಿಸಿದ ದಿನಗಳೂ ಇದ್ದುವು. ಕೂಡಿಸುವುದಕ್ಕೆ ವೇಳೆಯನ್ನು ಗೊತ್ತುಮಾಡದೆ, ನಾಲ್ಕೂ ಓದುಗಳು ಯಶಸ್ವಿಯಾಗಿ ಮುಗಿದ ಮೇಲೆ ಎಂಬ ಕಟ್ಟಳೆಯನ್ನು ಹಾಕುವುದೇ ಸರಿಯಾದ ದಾರಿ. ಸ್ಲರ್ಮ್‌ನಲ್ಲಿ ಇದಕ್ಕೆ ಅವಕಾಶವಿದೆ.

ವೇಳೆಯ ಆಯ್ಕೆಯನ್ನು ಕುರಿತು ಒಂದು ಚಿಕ್ಕ ಮಾತು. ಬನದ ಹುಣ್ಣಿಮೆಯ ದಿನ ಯಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಅಲ್ಲಿಯ ನೂಕುನುಗ್ಗಲಿನ ಅನುಭವವಿದೆ. ಅದೇ ದಾರಿ ಬೇರೆ ದಿನಗಳಲ್ಲಿ ಬಿಡುವಾಗಿರುತ್ತದೆ. ದೇವಿಯ ಹುಣ್ಣಿಮೆಯನ್ನು ಭಕ್ತರು ಬದಲಿಸುವಂತಿಲ್ಲ. ಆದರೆ ಗಣಕಕ್ಕೆ ಮಧ್ಯರಾತ್ರಿ ಹನ್ನೆರಡು ಗಂಟೆಯಲ್ಲಿ ಯಾವ ಪುಣ್ಯವೂ ಇಲ್ಲ. ಎಲ್ಲರೂ ಹನ್ನೆರಡು, ಒಂದು, ಎರಡು ಎಂದು ಪೂರ್ಣ ಗಂಟೆಗಳನ್ನೇ ಬರೆಯುವುದರಿಂದ ಆ ನಿಮಿಷದಲ್ಲಿ ಪಾಳಿಯೂ ಕಡತಗಳ ಭಂಡಾರವೂ ಒತ್ತಡಕ್ಕೆ ಸಿಕ್ಕುತ್ತವೆ. ಒಂದು ಗಂಟೆ ಹದಿನೇಳು ನಿಮಿಷ ಎಂದು ಬರೆದರೆ ಖರ್ಚೇನೂ ಇಲ್ಲ.

ಇಷ್ಟಾದರೂ ದಿನಚರಿಯೊಂದನ್ನು ಇಡದೆ ನಾವು ಇರುವುದಿಲ್ಲ. ಪ್ರತಿ ಓಟದ ಕೊನೆಗೆ ತಾರೀಖು, ಪಾಳಿಗೆ ನಿಂತ ವೇಳೆ, ಆರಂಭವಾದ ವೇಳೆ, ಓದಬೇಕಾದ ಪುಟಗಳೆಷ್ಟು, ಓದಿದವೆಷ್ಟು, ಬಿಟ್ಟವು ಯಾವುವು ಎಂದು ಒಂದು ಸಾಲು ಬರೆಯಲ್ಪಡುತ್ತದೆ. ವಾರಕ್ಕೊಮ್ಮೆ ವಿದ್ಯಾರ್ಥಿಯೊಬ್ಬನು ಯಾವುದಾದರೂ ಹತ್ತು ನಮೂದುಗಳನ್ನು ಆರಿಸಿ ಅಚ್ಚಾದ ಪುಸ್ತಕದೊಡನೆ ತಾಳೆ ನೋಡುವನು. ಮೋಡಿ ಲಿಪಿಯ ಕೈಬರಹದ ಕಾಗದಗಳನ್ನು ಈ ಏರ್ಪಾಡಿಗೆ ಒಪ್ಪಿಸಿಲ್ಲ. ಅವನ್ನು ಓದುವವರು ಮನುಷ್ಯರೇ.

ಮೂರುಪಟ್ಟಾದ ನಮೂದುಗಳನ್ನು ತೆಗೆದ ಮೇಲೆಯೂ ರಾಮದುರ್ಗದ ಉಲ್ಲೇಖಗಳು ಕಡಿಮೆಯೇ ಉಳಿದುವು. ಈ ಬಾರಿ ಕಾರಣವನ್ನು ಬರೆಯುವ ಮೊದಲು ಆಕರಗಳನ್ನು ನೋಡಿದೆವು. ರಾಮದುರ್ಗವು 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿದ್ದುದರಿಂದ ಮುಂಬಯಿ ಸರಕಾರದ ತಾಲೂಕು ವರದಿಗಳಲ್ಲಿ ಅದರ ಊರುಗಳಿಗೆ ಸ್ಥಳವಿಲ್ಲ. ಉಳಿದ ತಾಲೂಕುಗಳ ಹೆಸರುಗಳೂ ಅಂದು ಬೇರೆಯಾಗಿದ್ದುವು: ಬೈಲಹೊಂಗಲ ಮುಖ್ಯಸ್ಥಳವಾಗಿದ್ದ ತಾಲೂಕು ಸಂಪಗಾಂವ, ಸವದತ್ತಿಯದು ಪರಸಗಡ, ಕಿತ್ತೂರು ಪ್ರತ್ಯೇಕ ತಾಲೂಕಾದದ್ದು ಈಚೆಗೆ. ಹಳೆಯ ಹೆಸರಿನ ಊರನ್ನು ಇಂದಿನ ಯಾವ ತಾಲೂಕಿಗೆ ಸೇರಿಸಬೇಕೆಂಬ ಕೋಷ್ಟಕವನ್ನು ಈಗ ಕೈಯಿಂದ ಸಿದ್ಧಪಡಿಸುತ್ತಿದ್ದೇವೆ. ಅದು ಮುಗಿಯುವವರೆಗೆ ಕೂಡಿಸುವ ಕೆಲಸವನ್ನು ಪಾಳಿಯಿಂದ ತೆಗೆದಿಟ್ಟಿದ್ದೇವೆ.